ನಿಘಂಟು ತಪಸ್ವಿ ಸರ್ ಜೇಮ್ಸ್ ಮರ್ರೆ

ವಿದ್ಯಾವಂತರ ಮನೆಗಳಲ್ಲಿ ಒಂದಲ್ಲ ಒಂದು ನಿಘಂಟು ಇದ್ದೇ ಇರುತ್ತದೆ. ಅರ್ಥ ತಿಳಿಯದ ಪದ ಎದುರಾದಾಗ ಅದನ್ನು ತೆರೆಯುತ್ತೇವೆ, ಅರ್ಥ ದೊರೆತೊಡನೆ ಮುಚ್ಚಿಡುತ್ತೇವೆ. ಕಥೆ ಕಾವ್ಯಗಳನ್ನು ಬರೆದವರ ಹೆಸರುಗಳನ್ನು ಬಾಯಿಪಾಠವಾಗಿ ಹೇಳುವ ನಾವು, ಲಕ್ಷಾಂತರ ಪದಗಳನ್ನು ಒಂದೊಂದಾಗಿ ತೂಗಿ ನೋಡಿ ನಮ್ಮ ಕೈಗಿತ್ತವರು ಯಾರೆಂದು ಕೇಳುವುದು ವಿರಳ. ಕಟ್ಟಡದ ಶಿಖರವನ್ನು ಎಲ್ಲರೂ ಕಾಣುವರು. ತಳಪಾಯದ ಕಲ್ಲನ್ನು ಕಾಣುವವರಾರು? ನಿಘಂಟುಕಾರನ ಬಾಳು ತಳಪಾಯದ ಕಲ್ಲಿನಂಥದು. ಅಂತಹ ಬಾಳನ್ನು ಬಾಳಿದವರಲ್ಲಿ ಅಗ್ರಗಣ್ಯರು, ಇಂದು ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಎಂದು ಪ್ರಖ್ಯಾತವಾಗಿರುವ ಮಹಾಗ್ರಂಥದ ಪ್ರಧಾನ ಸಂಪಾದಕರಾಗಿದ್ದ ಸರ್ ಜೇಮ್ಸ್ ಅಗಸ್ಟಸ್ ಹೆನ್ರಿ ಮರ್ರೆಯವರು. ಹತ್ತು ವರ್ಷಗಳ ಕೆಲಸವೆಂದು ಒಪ್ಪಿಕೊಂಡುದಕ್ಕೆ ಮೂವತ್ತಾರು ವರ್ಷಗಳನ್ನು ಧಾರೆಯೆರೆದು, ಮುಕ್ತಾಯವನ್ನು ಕಾಣದೆಯೇ ಕಣ್ಮುಚ್ಚಿದ ಈ ಮಹನೀಯರ ಚರಿತ್ರೆ ಯಾವ ವೃತ್ತಿಯವರಿಗಾದರೂ ಮನನಯೋಗ್ಯವಾಗಿದೆ.

ಬಾಲ್ಯ ಮತ್ತು ಸ್ವಯಂ ವಿದ್ಯಾರ್ಜನೆ

ಮರ್ರೆಯವರು ಜನಿಸಿದ್ದು 1837ನೆಯ ಇಸವಿ ಫೆಬ್ರವರಿ 7ರಂದು, ಸ್ಕಾಟ್ಲೆಂಡಿನ ದಕ್ಷಿಣ ಭಾಗದ ಹಾಯಿಕ್ ಪಟ್ಟಣಕ್ಕೆ ಸಮೀಪದ ಡೆನ್‌ಹಾಮ್ ಎಂಬ ಹಳ್ಳಿಯಲ್ಲಿ. ಅದೇ ವರ್ಷ ಜೂನ್ ತಿಂಗಳಿನಲ್ಲಿ ವಿಕ್ಟೋರಿಯಾ ರಾಣಿಯವರು ಸಿಂಹಾಸನವನ್ನೇರಿದರು. ತಂದೆ ಬಟ್ಟೆ ಹೊಲಿಯುವ ದರ್ಜಿ. ಮನೆಯಲ್ಲಿ ಧರ್ಮಶ್ರದ್ಧೆ, ಮಿತವ್ಯಯ ಇವೆರಡಕ್ಕೂ ಕೊರತೆಯಿರಲಿಲ್ಲ. ಹಣಕ್ಕೆ ಮಾತ್ರ ಕೊರತೆಯಿತ್ತು. ಆದಕಾರಣ ಹದಿನಾಲ್ಕನೆಯ ವಯಸ್ಸಿಗೇ ಶಾಲೆಯ ಓದು ಮುಗಿಯಿತು. ಆದರೆ ವಿದ್ಯೆ ಮುಗಿಯಲಿಲ್ಲ. ಹೊಲದ ಗಿಡಗಳು, ಬೆಟ್ಟದ ಕಲ್ಲುಗಳು, ಆಕಾಶದ ನಕ್ಷತ್ರಗಳು, ಊರಿನ ಹಳೆಯ ಅವಶೇಷಗಳು ಎಲ್ಲವೂ ಆ ಬಾಲಕನಿಗೆ ಪಾಠಗಳಾದವು. ಭಾಷೆಗಳ ಮೇಲಂತೂ ಅಪಾರ ಮೋಹ. ಊರಿನ ದನಗಳನ್ನು ಲ್ಯಾಟಿನ್ ಭಾಷೆಯಲ್ಲಿ ಕೂಗಿ ಅಭ್ಯಾಸ ಮಾಡಿಸಲು ಯತ್ನಿಸಿದನೆಂದೂ ಪ್ರತೀತಿಯುಂಟು.

ಹದಿನೇಳನೆಯ ವಯಸ್ಸಿನಲ್ಲಿ ಸಹಾಯಕ ಉಪಾಧ್ಯಾಯರಾಗಿ, ಇಪ್ಪತ್ತನೆಯ ವಯಸ್ಸಿನಲ್ಲಿ ಹಾಯಿಕ್‌ನ ಒಂದು ಶಾಲೆಗೆ ಮುಖ್ಯೋಪಾಧ್ಯಾಯರಾದರು. 1862ರಲ್ಲಿ ಮ್ಯಾಗಿ ಸ್ಕಾಟ್ ಎಂಬಾಕೆಯನ್ನು ವಿವಾಹವಾದರು. ಆದರೆ ವಿಧಿ ಬೇರೆಯೇ ಬಗೆದಿತ್ತು. ಹುಟ್ಟಿದ ಹೆಣ್ಣುಮಗು ಶೈಶವದಲ್ಲಿಯೇ ತೀರಿಕೊಂಡಿತು. ಪತ್ನಿಗೆ ಕ್ಷಯರೋಗ ತಗುಲಿತು. ಚಳಿಯ ಸೀಮೆಯನ್ನು ಬಿಟ್ಟು ದಕ್ಷಿಣಕ್ಕೆ ಹೋಗಬೇಕೆಂದು ವೈದ್ಯರು ಸೂಚಿಸಿದರು. ಹೆಂಡತಿಯ ಪ್ರಾಣಕ್ಕಾಗಿ ಮರ್ರೆಯವರು ಪ್ರಿಯವಾದ ಉಪಾಧ್ಯಾಯ ವೃತ್ತಿಯನ್ನು ತೊರೆದು 1864ರಲ್ಲಿ ಲಂಡನ್ನಿಗೆ ಬಂದು ಬ್ಯಾಂಕೊಂದರಲ್ಲಿ ಗುಮಾಸ್ತರಾದರು. ಆ ಬ್ಯಾಂಕು ನಮ್ಮ ದೇಶದೊಡನೆ ವ್ಯವಹಾರವಿದ್ದ ಚಾರ್ಟರ್ಡ್ ಬ್ಯಾಂಕ್ ಆಫ್ ಇಂಡಿಯಾ, ಆಸ್ಟ್ರೇಲಿಯಾ ಅಂಡ್ ಚೈನಾ. ಆದರೂ ಮರುವರ್ಷವೇ ಮ್ಯಾಗಿ ಇಹಲೋಕವನ್ನು ತ್ಯಜಿಸಿದರು. 1867ರಲ್ಲಿ ಏಡಾ ರುತ್ವೆನ್ ಎಂಬಾಕೆಯೊಡನೆ ಮರುವಿವಾಹವಾಯಿತು. ಈ ಸಾಧ್ವಿ ಹನ್ನೊಂದು ಮಕ್ಕಳ ತಾಯಿಯಾಗಿ, ಮನೆಯ ಲೆಕ್ಕ, ಪತ್ರವ್ಯವಹಾರ ಎಲ್ಲವನ್ನೂ ನಿರ್ವಹಿಸಿ, ಪತಿಯ ಸಮಸ್ತ ಕಾರ್ಯಕ್ಕೂ ಬೆನ್ನೆಲುಬಾಗಿ ನಿಂತರು. ಮುಂದೆ ದೂರವಾಣಿಯನ್ನು ಕಂಡುಹಿಡಿದು ಜಗದ್ವಿಖ್ಯಾತರಾದ ಅಲೆಗ್ಸಾಂಡರ್ ಗ್ರಹಾಂ ಬೆಲ್ಲರು ಆ ವಿವಾಹದಲ್ಲಿ ವರನ ಜೊತೆಗಾರರಾಗಿದ್ದರು.

ಹಗಲೆಲ್ಲ ಬ್ಯಾಂಕಿನ ಖಾತೆ ಬರೆಯುವುದು, ಉಳಿದ ವೇಳೆಯಲ್ಲಿ ಭಾಷಾಶಾಸ್ತ್ರದ ವ್ಯಾಸಂಗ. ಇದು ಅವರ ದಿನಚರಿಯಾಗಿತ್ತು. 1866ರಲ್ಲಿ ಬ್ರಿಟಿಷ್ ಮ್ಯೂಸಿಯಂನಲ್ಲಿ ಕೆಲಸ ಬೇಡಿ ಬರೆದ ಪತ್ರದಲ್ಲಿ ತಮಗೆ ಪರಿಚಯವಿದ್ದ ಭಾಷೆಗಳ ಪಟ್ಟಿಯನ್ನು ಕೊಟ್ಟಿದ್ದರು. ಲ್ಯಾಟಿನ್, ಫ್ರೆಂಚ್, ಇಟಾಲಿಯನ್, ಜರ್ಮನ್ ಮೊದಲಾಗಿ ಹೀಬ್ರೂ, ಸಿರಿಯಾಕ್‌ಗಳವರೆಗೆ ಅವುಗಳ ಸಂಖ್ಯೆ ಇಪ್ಪತ್ತಕ್ಕೂ ಮೀರಿತ್ತು. ರಷ್ಯನ್ ಭಾಷೆಯ ಪರಿಚಯವೂ ಇತ್ತು. ಇಷ್ಟಿದ್ದರೂ ಕೆಲಸ ಸಿಗಲಿಲ್ಲ! ಪಾಂಡಿತ್ಯವಿದ್ದಲ್ಲಿ ಪದವಿಪತ್ರವಿಲ್ಲ, ಪದವಿಪತ್ರವಿಲ್ಲದಲ್ಲಿ ಮನ್ನಣೆಯಿಲ್ಲ ಎಂಬುದು ಎಲ್ಲ ದೇಶಗಳ ಅನುಭವವೇ ಸರಿ. ಮರ್ರೆಯವರು ಎದೆಗುಂದಲಿಲ್ಲ. 1868ರಲ್ಲಿ ಲಂಡನ್ನಿನ ಭಾಷಾಶಾಸ್ತ್ರ ಸಂಘದ ಸದಸ್ಯರಾದರು. 1870ರಲ್ಲಿ ಬ್ಯಾಂಕನ್ನು ಬಿಟ್ಟು ಮಿಲ್ ಹಿಲ್ ಶಾಲೆಯ ಉಪಾಧ್ಯಾಯರಾದರು. 1873ರಲ್ಲಿ ದಕ್ಷಿಣ ಸ್ಕಾಟ್ಲೆಂಡಿನ ಆಡುಭಾಷೆಯ ಮೇಲೆ ಅವರು ಬರೆದ ಗ್ರಂಥ ಪ್ರಕಟವಾಗಿ ವಿದ್ವಾಂಸರು ಅವರತ್ತ ತಿರುಗಿ ನೋಡುವಂತಾಯಿತು.

ಮಹಾಸಂಕಲ್ಪ

ಇಂಗ್ಲಿಷಿಗೆ ಅದುವರೆಗೆ ನಿಘಂಟುಗಳಿರಲಿಲ್ಲವೆಂದಲ್ಲ. ಆದರೆ ಅವು ಅಪೂರ್ಣವೆಂದು 1857ರಲ್ಲಿ ಟ್ರೆಂಚ್ ಎಂಬ ಧರ್ಮಗುರುಗಳು ಭಾಷಾಶಾಸ್ತ್ರ ಸಂಘದಲ್ಲಿ ಪ್ರಬಂಧಗಳನ್ನೋದಿ ತೋರಿಸಿಕೊಟ್ಟರು. ನಿಘಂಟೆಂಬುದು ಒಳ್ಳೆಯ ಪದಗಳನ್ನು ಆರಿಸಿ ಕೆಟ್ಟವನ್ನು ಬಿಡುವ ನ್ಯಾಯಸ್ಥಾನವಲ್ಲ. ಪ್ರತಿಯೊಂದು ಪದದ ಜನ್ಮವೃತ್ತಾಂತವನ್ನು ಬರೆದಿಡುವ ಚರಿತ್ರೆ ಎಂಬುದು ಅವರ ಸಿದ್ಧಾಂತ. ಪದವು ಬರವಣಿಗೆಯಲ್ಲಿ ಮೊದಲು ಕಾಣಿಸಿಕೊಂಡದ್ದು ಎಂದು, ಅದರ ಅರ್ಥ ಯಾವ ಯಾವ ಕಾಲದಲ್ಲಿ ಹೇಗೆ ಹೇಗೆ ಮಾರ್ಪಟ್ಟಿತು, ಬಳಕೆ ತಪ್ಪಿದ್ದಾದರೆ ಎಂದು ತಪ್ಪಿತು ಎಂಬುದನ್ನೆಲ್ಲ ಗ್ರಂಥಗಳಿಂದ ವಾಕ್ಯಗಳನ್ನೆತ್ತಿ ಪ್ರಮಾಣಪೂರ್ವಕವಾಗಿ ನಿರೂಪಿಸಬೇಕು. ಉದಾಹರಣೆಗೆ, ಇಂದು ಸೊಗಸು ಎಂಬರ್ಥದಲ್ಲಿ ಎಲ್ಲರೂ ಬಳಸುವ ‘ನೈಸ್’ ಎಂಬ ಇಂಗ್ಲಿಷ್ ಪದಕ್ಕೆ ಮೂಲದಲ್ಲಿ ದಡ್ಡ, ಅಜ್ಞಾನಿ ಎಂಬ ಅರ್ಥವಿತ್ತು. ಅಲ್ಲಿಂದ ಇಲ್ಲಿಗೆ ಅದು ನಡೆದು ಬಂದ ಹಾದಿಯನ್ನು ತೋರಿಸುವುದೇ ಐತಿಹಾಸಿಕ ನಿಘಂಟಿನ ಕೆಲಸ.

ಇದಕ್ಕೆ ಸಹಸ್ರಾರು ಗ್ರಂಥಗಳನ್ನು ಓದಬೇಕು. ಒಬ್ಬನ ಆಯುಷ್ಯ ಸಾಲದು. ಆದ್ದರಿಂದ ಸಾರ್ವಜನಿಕರನ್ನೇ ಓದುಗರನ್ನಾಗಿ ಕೂಡಿಸಿಕೊಳ್ಳಬೇಕೆಂದು ತೀರ್ಮಾನವಾಯಿತು. ಮೊದಲನೆಯ ಸಂಪಾದಕ ಹರ್ಬರ್ಟ್ ಕೋಲ್‌ರಿಜ್ ಎಂಬ ತರುಣ ವಿದ್ವಾಂಸರು ಚೀಟಿಗಳನ್ನಿಡಲು 54 ಖಾನೆಗಳ ಒಂದು ಕಪಾಟನ್ನು ಮಾಡಿಸಿ ಉತ್ಸಾಹದಿಂದ ಆರಂಭಿಸಿದರು. 1861ರಲ್ಲಿ ಮೂವತ್ತನೆಯ ವಯಸ್ಸಿಗೇ ಗತಿಸಿದರು. ಬಳಿಕ ಬಂದ ಫರ್ನಿವಾಲ್ ಮಹಾಶಯರು ಪ್ರಾಚೀನ ಇಂಗ್ಲಿಷ್ ಗ್ರಂಥಗಳ ಪ್ರಕಟಣೆಗೆ ಸಂಘವನ್ನೇ ಕಟ್ಟಿದ ಕಾರ್ಯಶೂರರು. ಆದರೆ ಹಿಡಿದ ಒಂದು ಕೆಲಸವನ್ನು ಕೊನೆ ಮುಟ್ಟಿಸುವ ವ್ಯವಸ್ಥೆ ಅವರಲ್ಲಿರಲಿಲ್ಲ. ಹೀಗೆ ಇಪ್ಪತ್ತು ವರ್ಷಗಳು ಸರಿದವು. ಕೊನೆಗೆ 1879ರ ಮಾರ್ಚ್ 1ರಂದು ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಮುದ್ರಣಾಲಯದೊಡನೆ ಕರಾರಾಯಿತು. ಹತ್ತು ವರ್ಷಗಳ ಅವಧಿ, ನಾಲ್ಕು ಸಂಪುಟ, ಸುಮಾರು 7,000 ಪುಟ; ಸಂಪಾದಕರು ಜೇಮ್ಸ್ ಮರ್ರೆ.

ಚೀಟಿಗಳ ಸಾಗರ

ಫರ್ನಿವಾಲರಿಂದ ಮರ್ರೆಯವರ ಮನೆಗೆ ಬಂದ ಚೀಟಿಗಳ ತೂಕ ಸುಮಾರು ಎರಡು ಟನ್. ಅವು ಬಂದ ಸ್ಥಿತಿಯನ್ನು ಕೇಳಿದರೆ ನಗುವೂ ಬರುತ್ತದೆ, ಮರುಕವೂ ಆಗುತ್ತದೆ. ಒಂದು ಚೀಲದಲ್ಲಿ ಸತ್ತ ಹೆಗ್ಗಣ, ಇನ್ನೊಂದರಲ್ಲಿ ಮರಿಗಳೊಡನೆ ಸಂಸಾರ ಹೂಡಿದ್ದ ಇಲಿ! ‘ಎಚ್’ ಅಕ್ಷರದ ಕಟ್ಟು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಪತ್ತೆಯಾಯಿತು. ‘ಪಿ’ ಅಕ್ಷರದ ಒಂದು ಭಾಗ ಐರ್ಲೆಂಡಿನ ಕುದುರೆಲಾಯವೊಂದರಲ್ಲಿತ್ತು. ಅದರ ಬಹುಪಾಲು ಒಲೆ ಹೊತ್ತಿಸಲು ಬಳಕೆಯಾಗಿ ಹೋಗಿತ್ತು.

ಈ ರಾಶಿಗೆಂದೇ ಮರ್ರೆಯವರು ಮನೆಯ ತೋಟದಲ್ಲಿ ಕಬ್ಬಿಣದ ತಗಡಿನ ಒಂದು ಕೊಠಡಿಯನ್ನು ಕಟ್ಟಿಸಿದರು. ಹಿಂದಿನ ಕಾಲದ ಕ್ರೈಸ್ತ ಮಠಗಳಲ್ಲಿ ಸಂನ್ಯಾಸಿಗಳು ಗ್ರಂಥಗಳನ್ನು ಪ್ರತಿ ಮಾಡುತ್ತಿದ್ದ ಲೇಖನಶಾಲೆಯ ಹೆಸರನ್ನೇ ಇದಕ್ಕೂ ಇಟ್ಟು ‘ಸ್ಕ್ರಿಪ್ಟೋರಿಯಂ’ ಎಂದು ಕರೆದರು. ಕೋಲ್‌ರಿಜ್‌ರ ಕಪಾಟಿನಲ್ಲಿ 54 ಖಾನೆಗಳಿದ್ದರೆ ಇಲ್ಲಿದ್ದುವು 1,029. ಅದೇ ವರ್ಷ ಇಂಗ್ಲಿಷ್ ಬಲ್ಲ ಸಮಸ್ತ ಜನರಿಗೂ ಮುದ್ರಿತ ವಿಜ್ಞಾಪನೆಯನ್ನು ಹಂಚಿದರು. ಪುಸ್ತಕವನ್ನೋದುತ್ತ ಗಮನಾರ್ಹವೆನಿಸಿದ ಪದವನ್ನು ಸಣ್ಣ ಕಾಗದದ ಎಡಮೂಲೆಯಲ್ಲಿ ಬರೆಯುವುದು, ಕೆಳಗೆ ಇಸವಿ, ಗ್ರಂಥಕರ್ತನ ಹೆಸರು, ಗ್ರಂಥ, ಪುಟ, ಅನಂತರ ಪೂರ್ಣ ವಾಕ್ಯ, ಇಷ್ಟೇ ನಿಯಮ. ವರ್ತಕರು ನಿತ್ಯವೂ ಬರೆಯುವ ರೋಜು ಪುಸ್ತಕದಂತೆಯೇ ಇದೂ ಸಹ. ತಾರೀಖಿಲ್ಲದ ಬಾಬು ಹೇಗೆ ಲೆಕ್ಕಕ್ಕೆ ನಿಲ್ಲದೋ ಹಾಗೆ ಇಸವಿಯಿಲ್ಲದ ಚೀಟಿ ನಿಘಂಟಿಗೆ ಸಲ್ಲದು.

ಉಪಾಧ್ಯಾಯರು, ಪಾದ್ರಿಗಳು, ಗೃಹಿಣಿಯರು, ವೃದ್ಧರು, ಇಂಗ್ಲೆಂಡಿನವರು, ಅಮೆರಿಕದವರು ಚೀಟಿಗಳನ್ನು ಬರೆದು ಕಳುಹಿದರು. 1882ರ ವೇಳೆಗೆ ಸಂಗ್ರಹ ಸುಮಾರು 35 ಲಕ್ಷಕ್ಕೇರಿತ್ತು. ಆದರೆ ಜನರ ಸ್ವಭಾವ ವಿಚಿತ್ರ. ಅಪರೂಪದ ಪದಗಳನ್ನೇ ಹೆಕ್ಕಿದರು, ನಿತ್ಯದ ಪದಗಳನ್ನು ಕಡೆಗಣಿಸಿದರು. ಬಳಕೆ ತಪ್ಪಿದ ‘ಅಬ್ಯೂಷನ್’ ಎಂಬ ಪದಕ್ಕೆ ಸುಮಾರು ಐವತ್ತು ಚೀಟಿಗಳಿದ್ದರೆ ಎಲ್ಲರ ಬಾಯಲ್ಲಿರುವ ‘ಅಬ್ಯೂಸ್’ ಎಂಬುದಕ್ಕೆ ಐದಾರೂ ಇರಲಿಲ್ಲ. ಮರ್ರೆಯವರು ಮತ್ತೆ ಓದಿಸಿದರು, ಮತ್ತೆ ಹುಡುಕಿಸಿದರು. ಅವರ ಮಕ್ಕಳು ಅಕ್ಷರ ಗುರುತಿಸಲು ಕಲಿತ ಕೂಡಲೆ ಚಿಲ್ಲರೆ ಕಾಸಿನ ಸಂಭಾವನೆ ಪಡೆದು ಚೀಟಿಗಳನ್ನು ಅಕಾರಾದಿಯಾಗಿ ಜೋಡಿಸುವ ಕೆಲಸಕ್ಕೆ ಕುಳಿತರು. ಒಂದಿಬ್ಬರು ಹೆಣ್ಣುಮಕ್ಕಳು ಬೆಳೆದು ನಿಘಂಟಿನ ಸಿಬ್ಬಂದಿಗೇ ಸೇರಿದರು.

ಅಜ್ಞಾತ ಸಹಾಯಕರು

ನೆರವಾದವರಲ್ಲಿ ಇಬ್ಬರ ಸ್ಮರಣೆ ಇಲ್ಲಿ ಉಚಿತ. ಮೊದಲನೆಯವರು ಫಿಟ್ಜ್‌ಎಡ್ವರ್ಡ್ ಹಾಲ್. ಅಮೆರಿಕದವರಾದ ಇವರು ನಮ್ಮ ದೇಶದಲ್ಲಿ ಹಲವಾರು ವರ್ಷಗಳಿದ್ದು, ಕಾಶಿಯ ಸಂಸ್ಕೃತ ಕಾಲೇಜಿನಲ್ಲಿ ಅಧ್ಯಾಪನ ಮಾಡಿ ಸಂಸ್ಕೃತ ಗ್ರಂಥಗಳನ್ನು ಸಂಪಾದಿಸಿದವರು. ಬಳಿಕ ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಏಕಾಂತವಾಸಿಯಾದರು. ದಿನಕ್ಕೆ ನಾಲ್ಕು ಗಂಟೆಗಳ ಕಾಲ ನಿಘಂಟಿನ ಕರಡಚ್ಚುಗಳನ್ನು ತಿದ್ದಿ, ತಮ್ಮ ಟಿಪ್ಪಣಿಗಳಿಂದ ವಾಕ್ಯಗಳನ್ನು ಸೇರಿಸಿ ಕಳುಹುವುದನ್ನು 1901ರಲ್ಲಿ ಮರಣ ಹೊಂದುವವರೆಗೆ ಸುಮಾರು ಇಪ್ಪತ್ತು ವರ್ಷ ನಡೆಸಿದರು, ಬಿಡಿಗಾಸನ್ನೂ ಬೇಡಲಿಲ್ಲ.

ಎರಡನೆಯವರು ಡಾಕ್ಟರ್ ವಿಲಿಯಂ ಮೈನರ್. ಅಮೆರಿಕದ ಸೈನ್ಯದಲ್ಲಿ ಶಸ್ತ್ರವೈದ್ಯರಾಗಿದ್ದವರು. ಬುದ್ಧಿಭ್ರಮಣೆಯಿಂದ 1872ರಲ್ಲಿ ಲಂಡನ್ನಿನ ಬೀದಿಯಲ್ಲಿ ನಿರಪರಾಧಿ ಕೂಲಿಕಾರನೊಬ್ಬನನ್ನು ಗುಂಡಿಟ್ಟು ಕೊಂದು, ಬ್ರಾಡ್‌ಮೂರಿನ ಮನೋರೋಗಿಗಳ ಬಂದೀಖಾನೆಯನ್ನು ಸೇರಿದರು. ಅಲ್ಲಿಂದಲೇ ಹಳೆಯ ಗ್ರಂಥಗಳನ್ನೋದಿ ಸಾವಿರಾರು ಉದ್ಧರಣೆಗಳನ್ನು ಕಳುಹಿದರು. ಮರ್ರೆಯವರು ಅವರನ್ನು ಅಲ್ಲಿಗೇ ಹೋಗಿ ಕಂಡರು, ಸ್ನೇಹವನ್ನು ಬೆಳೆಸಿದರು, ಉಪಕಾರವನ್ನು ಬಹಿರಂಗವಾಗಿ ಕೊಂಡಾಡಿದರು. ಪತಿತನಾದ ಮನುಷ್ಯನಲ್ಲಿಯೂ ಉಳಿದಿರುವ ಜ್ಞಾನಜ್ಯೋತಿಯನ್ನು ಗುರುತಿಸಿ ಗೌರವಿಸಿದ ಈ ಗುಣ ಅವರ ಪಾಂಡಿತ್ಯಕ್ಕಿಂತ ಕಡಿಮೆಯದೆಂದು ಯಾರು ಹೇಳಿಯಾರು?

ಹಣದ ಲೆಕ್ಕ, ಗುಣದ ಲೆಕ್ಕ

1884ರಲ್ಲಿ ಮೊದಲನೆಯ ಭಾಗ ಹೊರಬಂತು. 352 ಪುಟಗಳು; ಬೆಲೆ ಹನ್ನೆರಡೂವರೆ ಷಿಲಿಂಗ್. ಐದು ವರ್ಷಗಳ ಶ್ರಮದ ಫಲವಾಗಿ ನಿಘಂಟು ‘ಎ’ ಅಕ್ಷರದಿಂದ ‘ಆಂಟ್’ ಎಂಬ ಪದದವರೆಗೆ ಬಂದಿತ್ತು. ಆಂಟ್ ಎಂದರೆ ಇರುವೆ. ನಿಘಂಟಿನ ನಡಿಗೆಯೂ ಇರುವೆಯದೇ ಆಗಿತ್ತು! ವಿದ್ವಾಂಸರು ಹೊಗಳಿದರು, ಮುದ್ರಣಾಲಯದವರು ಕಳವಳಗೊಂಡರು. ಕರಾರಿನ ಅರ್ಧ ಅವಧಿ ಕಳೆದಿತ್ತು, ಮೊದಲನೆಯ ಅಕ್ಷರವೇ ಮುಗಿದಿರಲಿಲ್ಲ.

ಇಲ್ಲಿ ನಿಷ್ಪಕ್ಷಪಾತವಾಗಿ ವಿಚಾರ ಮಾಡಬೇಕು. ಬಂಡವಾಳ ಹೂಡಿದವರು ಲೆಕ್ಕ ಕೇಳುವುದು ಅನ್ಯಾಯವಲ್ಲ. ಸಂಬಳ, ಕಾಗದ, ಅಚ್ಚು ಎಲ್ಲಕ್ಕೂ ಹಣ ಸುರಿಯುತ್ತಿದ್ದವರು ಅವರು. ವಿಶ್ವವಿದ್ಯಾನಿಲಯದ ಹಿರಿಯರಾದ ಜೋವೆಟ್‌ರವರು 1883ರಲ್ಲಿಯೇ, ವೃತ್ತಪತ್ರಿಕೆಗಳ ವಾಕ್ಯಗಳು ಬೇಡವೆಂದೂ ಬರವಣಿಗೆಯ ಕ್ರಮ ಬದಲಾಗಬೇಕೆಂದೂ ಒತ್ತಾಯಿಸಿದ್ದರು. 1896ರಲ್ಲಂತೂ ಗಾತ್ರವನ್ನು ಕುಗ್ಗಿಸದಿದ್ದರೆ ಕೆಲಸವೇ ನಿಲ್ಲಬಹುದೆಂಬ ಸ್ಥಿತಿಯುಂಟಾಯಿತು. ಬೇಗ ಮುಗಿಸಿ ಸಂಭಾವನೆ ಪಡೆದು ಸುಖವಾಗಿರುವ ದಾರಿ ಮರ್ರೆಯವರಿಗೆ ತೆರೆದೇ ಇತ್ತು. ಹನ್ನೊಂದು ಮಕ್ಕಳ ತಂದೆ ಅವರು. ಸಹಾಯಕರ ವೇತನ, ಅಂಚೆ ವೆಚ್ಚಗಳ ಹೊರೆ ಅವರ ಮೇಲೆಯೂ ಬೀಳುತ್ತಿತ್ತು. ಆದರೂ ಅರೆಬರೆ ಪ್ರಮಾಣಗಳ ನಿಘಂಟಿಗೆ ತಾವು ಹೆಸರು ಕೊಡುವುದಿಲ್ಲ, ಬೇಕಾದರೆ ಸ್ಥಾನವನ್ನೇ ಬಿಡುತ್ತೇವೆ ಎಂದು ನಿಂತರು. ಕೊನೆಗೆ ಗುಣವೇ ಗೆದ್ದಿತು. ವಾದಿಸಿದ ಜೋವೆಟ್‌ರೊಡನೆ ವೈರವನ್ನು ಸಾಧಿಸಲಿಲ್ಲ; ಇಬ್ಬರೂ ಸ್ನೇಹಿತರಾದರು, 1886ರಲ್ಲಿ ಹುಟ್ಟಿದ ಮಗನಿಗೆ ಜೋವೆಟ್ ಎಂದೇ ಹೆಸರಿಟ್ಟರು.

ಇಂತಹ ಸಂಕಟಗಳಲ್ಲಿ ನಡುವೆ ನಿಂತು ಸಮಾಧಾನ ಮಾಡಿದವರು ಒಬ್ಬ ವರ್ತಕರೆಂಬುದು ಸಂತೋಷದ ವಿಷಯ. ಹೆನ್ರಿ ಹಕ್ಸ್ ಗಿಬ್ಸ್ ಎಂಬುವರು ದೊಡ್ಡ ವ್ಯಾಪಾರದ ಮನೆತನದವರು, ಬ್ಯಾಂಕ್ ಆಫ್ ಇಂಗ್ಲೆಂಡಿನ ಗವರ್ನರ್ ಆಗಿದ್ದವರು. ವ್ಯಾಪಾರದ ನಡುವೆಯೇ ಕರಡಚ್ಚುಗಳನ್ನು ಓದಿಕೊಟ್ಟರು, ಮರ್ರೆಯವರಿಗೆ ಹಣದ ಸಹಾಯವಿತ್ತರು, ಮುದ್ರಣಾಲಯದವರಿಗೂ ಸಂಪಾದಕರಿಗೂ ಮಧ್ಯಸ್ಥರಾದರು. ಸಂಪಾದಿಸಿದ್ದು ಸಾರ್ಥಕವಾಗುವ ಬಗೆ ಇದಲ್ಲವೆ? ಸರ್ಕಾರವೂ ವರ್ಷಕ್ಕೆ 250 ಪೌಂಡುಗಳ ವಿಶ್ರಾಂತಿ ಧನವನ್ನು ಮಂಜೂರು ಮಾಡಿತು.

ಆಕ್ಸ್‌ಫರ್ಡಿನ ವರ್ಷಗಳು

1885ರಲ್ಲಿ ಮರ್ರೆಯವರು ಸಂಸಾರದೊಡನೆ ಆಕ್ಸ್‌ಫರ್ಡಿಗೆ ಬಂದು ಬ್ಯಾನ್‌ಬರಿ ರಸ್ತೆಯಲ್ಲಿ ನೆಲೆಸಿದರು. ಹಿತ್ತಲಿನಲ್ಲಿ ಮತ್ತೆ ತಗಡಿನ ಕೊಠಡಿ. ನೋಟ ಕೆಡುವುದೆಂದು ನೆರೆಯವರು ಆಕ್ಷೇಪಿಸಿದ್ದರಿಂದ ಅದನ್ನು ನೆಲದೊಳಕ್ಕೆ ಕೆಲವು ಅಡಿ ತಗ್ಗಿಸಿ ಕಟ್ಟಬೇಕಾಯಿತು. ಒಳಗೆ ತೇವ, ಚಳಿಗಾಲದಲ್ಲಿ ಹಿಮದಂಥ ಕೊರೆತ. ದಪ್ಪ ಅಂಗಿ ತೊಟ್ಟು, ಕಾಲುಗಳನ್ನು ಗಾಳಿ ತಾಗದಂತೆ ಪೆಟ್ಟಿಗೆಯೊಳಗಿಟ್ಟುಕೊಂಡು ಬರೆಯುತ್ತಿದ್ದರು. ಅಲ್ಲಿಂದ ಹೋಗುವ ಪತ್ರಗಳು ಎಷ್ಟಿದ್ದುವೆಂದರೆ ಅಂಚೆ ಇಲಾಖೆ ಮನೆಯ ಮುಂದೆಯೇ ಪೆಟ್ಟಿಗೆಯೊಂದನ್ನು ನೆಟ್ಟಿತು. ಮದ್ಯ, ಧೂಮಪಾನಗಳನ್ನು ಅವರು ಎಂದೂ ಮುಟ್ಟಿದವರಲ್ಲ.

ಲೋಪಗಳೇ ಇರಲಿಲ್ಲವೆಂದಲ್ಲ. ‘ಬಾಂಡ್‌ಮೇಡ್’, ಅಂದರೆ ತೊತ್ತು ಎಂಬರ್ಥದ ಪದದ ಚೀಟಿಗಳು ಎಲ್ಲಿಯೋ ತಪ್ಪಿಹೋಗಿ ಆ ಪದವೇ ಬಿಟ್ಟುಹೋಯಿತು. 1933ರ ಅನುಬಂಧದಲ್ಲಷ್ಟೇ ಅದಕ್ಕೆ ಸ್ಥಳ ಸಿಕ್ಕಿತು. ‘ಅಪೆಂಡಿಸೈಟಿಸ್’ ಎಂಬುದು ವೈದ್ಯರ ಕ್ಲಿಷ್ಟ ಪಾರಿಭಾಷಿಕವೆಂದು ತಜ್ಞರ ಸಲಹೆಯಂತೆ ಕೈಬಿಟ್ಟಿದ್ದರು. 1902ರಲ್ಲಿ ಏಳನೆಯ ಎಡ್ವರ್ಡ್ ದೊರೆಗೆ ಅದೇ ರೋಗ ಬಂದು ಪಟ್ಟಾಭಿಷೇಕವೇ ಮುಂದಕ್ಕೆ ಹೋಯಿತು, ಆ ಪದ ಮನೆಮಾತಾಯಿತು! ಬಾಳುವ ಭಾಷೆ ಯಾರಿಗಾಗಿಯೂ ಕಾಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಕಾರ್ಯ ಬೆಳೆದಂತೆ ಹೆನ್ರಿ ಬ್ರಾಡ್ಲಿ, ವಿಲಿಯಂ ಕ್ರೇಗಿ, ಕಡೆಗೆ ಆನಿಯನ್ಸ್ ಎಂಬುವರು ಸಹ ಸಂಪಾದಕರಾದರು. ಬ್ರಾಡ್ಲಿಯವರೂ ಚಾಕು ಕತ್ತರಿಗಳ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಗುಮಾಸ್ತರಾಗಿದ್ದು ಸ್ವಂತ ಪರಿಶ್ರಮದಿಂದ ವಿದ್ವಾಂಸರಾದವರು. 1897ರಲ್ಲಿ ಮೂರನೆಯ ಸಂಪುಟ ವಿಕ್ಟೋರಿಯಾ ರಾಣಿಯವರಿಗೆ ಸಮರ್ಪಿತವಾಯಿತು. 1908ರಲ್ಲಿ ಮರ್ರೆಯವರಿಗೆ ‘ಸರ್’ ಪದವಿ ಬಂತು. ಆದರೆ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿದ್ದು 1914ರಲ್ಲಿ, ಅವರ ಮರಣಕ್ಕೆ ಒಂದು ವರ್ಷ ಮೊದಲು.

ಮಹಾಪ್ರಯಾಣ ಮತ್ತು ಪೂರ್ಣಾಹುತಿ

1915ರ ಜುಲೈ 26ರಂದು, ‘ಟಿ’ ಅಕ್ಷರದ ಕೆಲಸದಲ್ಲಿದ್ದಾಗ, ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಸರ್ ಜೇಮ್ಸ್ ಮರ್ರೆಯವರು ದಿವಂಗತರಾದರು. ಸಮಗ್ರ ಗ್ರಂಥದ ಹತ್ತಿರ ಹತ್ತಿರ ಅರ್ಧಭಾಗವನ್ನು ಅವರೊಬ್ಬರೇ ಸಂಪಾದಿಸಿದ್ದರು. ಉಳಿದ ಅರ್ಧವೂ ಅವರು ಹಾಕಿಕೊಟ್ಟ ಪದ್ಧತಿಯಲ್ಲಿಯೇ ಸಾಗಿತು. ಬ್ರಾಡ್ಲಿಯವರೂ 1923ರಲ್ಲಿ ತೀರಿಕೊಂಡರು. 1928ರ ಏಪ್ರಿಲ್ ತಿಂಗಳಿನಲ್ಲಿ ಕೊನೆಯ ಭಾಗ ಅಚ್ಚಾಗಿ ನಿಘಂಟು ಪೂರ್ಣವಾಯಿತು. 4,14,825 ಪದಗಳು, 18,27,306 ಉದ್ಧರಣ ವಾಕ್ಯಗಳು, ಹದಿನೈದು ಸಾವಿರಕ್ಕೂ ಮಿಕ್ಕ ಪುಟಗಳು. ಟ್ರೆಂಚ್‌ರವರ ಪ್ರಬಂಧಗಳಿಂದ ಲೆಕ್ಕ ಹಾಕಿದರೆ ಎಪ್ಪತ್ತೊಂದು ವರ್ಷಗಳು! 1989ರಲ್ಲಿ ಎರಡನೆಯ ಆವೃತ್ತಿ ಇಪ್ಪತ್ತು ಸಂಪುಟಗಳಲ್ಲಿ ಬಂತು. 2000ದಿಂದ ಅದರ ಪರಿಷ್ಕರಣ ಗಣಕಯಂತ್ರದ ಮೂಲಕ ಪ್ರಕಟವಾಗುತ್ತಿದೆ.

ಕನ್ನಡಿಗರಾದ ನಾವು ಈ ಚರಿತ್ರೆಯನ್ನು ಪರರದೆಂದು ಭಾವಿಸಬೇಕಾಗಿಲ್ಲ. ಮರ್ರೆಯವರು ಆಕ್ಸ್‌ಫರ್ಡಿನಲ್ಲಿ ದುಡಿಯುತ್ತಿದ್ದ ಕಾಲದಲ್ಲಿಯೇ, 1894ರಲ್ಲಿ, ಜರ್ಮನಿಯ ರೆವರೆಂಡ್ ಕಿಟ್ಟೆಲ್‌ರವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಪ್ರಕಟವಾಯಿತು. ಅದಕ್ಕೂ ಮೊದಲು ಅವರು ಜೈನ ವೈಯಾಕರಣಿ ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿದ್ದರು. ಅನಂತರ ಕನ್ನಡ ಸಾಹಿತ್ಯ ಪರಿಷತ್ತು ಐತಿಹಾಸಿಕ ಕ್ರಮದಲ್ಲಿಯೇ ಕನ್ನಡ ನಿಘಂಟನ್ನು ಕೈಗೊಂಡು ಎಂಟು ಸಂಪುಟಗಳಲ್ಲಿ 1995ರ ವೇಳೆಗೆ ಮುಗಿಸಿತು. ಶಾಸನಗಳ ಜೊತೆಗೆ ಪಂಪ, ಪೊನ್ನ, ರನ್ನರ ಕಾವ್ಯಗಳಿಂದ ಎತ್ತಿದ ಪ್ರಯೋಗಗಳು ಅದರಲ್ಲಿವೆ. ನಮ್ಮ ಪೂರ್ವಿಕ ಕವಿಗಳ ಒಂದೊಂದು ಮಾತನ್ನೂ ಹೀಗೆ ಚೀಟಿಗೆ ಇಳಿಸಿ ಕಾಪಾಡಿದ ಆ ವಿದ್ವಾಂಸರೂ ಮರ್ರೆಯವರ ಕುಲಕ್ಕೇ ಸೇರಿದವರು.

ಸರ್ ಜೇಮ್ಸ್ ಮರ್ರೆಯವರ ಬಾಳಿನಿಂದ ಕಲಿಯಬೇಕಾದುದು ಇಷ್ಟೇ. ಕೆಲಸದ ಅಳತೆಯನ್ನು ನಮ್ಮ ಆಯುಷ್ಯದ ಅಳತೆಗೆ ಕುಗ್ಗಿಸಬಾರದು. ಕೆಲಸಕ್ಕೆ ತಕ್ಕ ಅಳತೆಯನ್ನು ಅದಕ್ಕೆ ಕೊಟ್ಟು, ನಮ್ಮ ಪಾಲನ್ನು ಶುದ್ಧವಾಗಿ ಮಾಡಿ, ಉಳಿದುದನ್ನು ಮುಂದಿನವರ ಕೈಗೊಪ್ಪಿಸಬೇಕು. ಹಾಗೆಯೇ ಒಂದು ಚೀಟಿ ಬರೆದವನೂ ಆ ಮಹಾಕಾರ್ಯದ ಪಾಲುದಾರನೇ. ಹದಿನೆಂಟು ಲಕ್ಷ ವಾಕ್ಯಗಳಲ್ಲಿ ಯಾವುದು ಯಾರು ಕಳುಹಿದ್ದೆಂದು ಓದುವವನು ಕೇಳುವುದಿಲ್ಲ. ಆದರೆ ಅವರು ಕಳುಹದಿದ್ದರೆ ಆ ಪದದ ಎದುರಿನ ಸ್ಥಳ ಬರಿದಾಗಿರುತ್ತಿತ್ತು.